ಕೊನೆಯ ನುಡಿಯಲ್ಲಿ ಭರಮುವಿನ ಹೆಸರಿಲ್ಲ

ಚಂದ್ರಿ ಎಂಬ ಎಮ್ಮೆಗೆ ಬೆಳಗಿನ ಐದೂವರೆಗೆ ಎರಡು ಬೇಕು. ಮುಂದೆ ಒಂದು ಬುಟ್ಟಿ ಹಿಂಡಿ, ಪಕ್ಕದಲ್ಲಿ ಕೋಮಲಳ ಹಾಡು. ಹಿಂಡಿ ಒಂದು ದಿನ ಕಡಿಮೆಯಾದರೆ ಮೋರೆ ಊದಿಸಿಕೊಂಡಾದರೂ ಹಾಲು ಕೊಟ್ಟೀತು. ಹಾಡು ಕಡಿಮೆಯಾದರೆ ಆಗದು. ಕೆಚ್ಚಲಿನ ಹಾಲನ್ನೆಲ್ಲ ಒಳಗೇ ಬಿಗಿ ಹಿಡಿದು, ಸತ್ತಿ ಊರಿನ ಹೊಳೆದಂಡೆಯ ಕಲ್ಲಿನಂತೆ ನಿಂತುಬಿಡುತ್ತಿತ್ತು. ಒಂಬತ್ತು ವರ್ಷದಿಂದ ಇದೇ ಪದ್ಧತಿ.

ಆ ಭಾನುವಾರವೂ ಕೋಮಲ ಮೊಣಕಾಲ ನಡುವೆ ಪಾತ್ರೆ ಇಟ್ಟುಕೊಂಡು ಕೂತಿದ್ದಳು. ಗಂಡ ಭರಮು ಕರುವಿನ ಹಗ್ಗ ಹಿಡಿದು ನಿಂತಿದ್ದ. ಅವನು ಕರು ಹಿಡಿಯುವುದರಲ್ಲಿ ನುರಿತವನು. ಹಾಲು ಹಿಂಡುವ ಗೋಜಿಗೆ ಮದುವೆಯಾದಾಗಿನಿಂದ ಹೋಗಿರಲಿಲ್ಲ. ಮಗಳು ಮಯೂರಿ ಹೊದ್ದ ಚಾದರದ ಸಮೇತ ಬಂದು ಗೋಡೆಗೆ ಒರಗಿ ತೂಕಡಿಸುತ್ತಿದ್ದಳು. ಕೋಮಲ ಮೆಲ್ಲಗೆ ಶುರು ಮಾಡಿದಳು:

ಬಾರ ನನ್ನ ಚಂದ್ರಿ, ಬಳಕ್ಕೋಂತ ಬಾರ,
ಕರೀ ಮೈಯಾಕಿ, ಸಿಟ್ಟ ಬಿಟ್ಟ ಬಾರ,
ಮಯೂರಿ ಎದ್ದಾಳ, ಹಾಲ ಬೇಡ್ಯಾಳ...

ಮೂರನೆಯ ಸಾಲು ಬಂತು, ಚಂದ್ರಿಯ ಕಿವಿ ಸಡಿಲಾಯಿತು, ಪಾತ್ರೆಯ ತಳದಲ್ಲಿ ಚರ್ ಎಂದಿತು. ಅಷ್ಟರಲ್ಲಿ ಓಣಿಯ ಬಾಯಿಗೆ ಒಂದು ಕಬ್ಬಿನ ಟ್ರ್ಯಾಕ್ಟರ್ ಬಂತು. ಹಿಂದೆ ಎರಡು ಟ್ರೇಲರ್ ತುಂಬ ಕಬ್ಬು, ಮುಂದೆ ಡ್ರೈವರನ ತಲೆಯ ಮೇಲೆ ನಾಲ್ಕು ಸ್ಪೀಕರು. ಹಂಗಾಮು ಮುಗಿಯುವ ತನಕ ಅಥಣಿಯಿಂದ ರಾಯಬಾಗದವರೆಗೆ ಯಾವ ಟ್ರ್ಯಾಕ್ಟರೂ ಸುಮ್ಮನೆ ಹೋಗುವುದಿಲ್ಲ. ಈ ಟ್ರ್ಯಾಕ್ಟರ್ ಹೊತ್ತು ತಂದದ್ದೂ ಅದೇ ಹಾಡು, "ಬಾರ ನನ್ನ ಚಂದ್ರಿ". ಆದರೆ ಕಿಟಕಿಯ ಗಾಜು ನಡುಗುವ ಹಾಗೆ ಧಡ್ ಧಡ್ ಡಿಜೆ ಹಚ್ಚಿ, ಒಬ್ಬ ಗಂಡಸು ಮೂಗಿನಲ್ಲಿ ಎಳೆದೆಳೆದು ಹಾಡಿದ್ದು.

ಚಂದ್ರಿ ಹೊರಳಿ ನೋಡಿತು. ತನ್ನ ಹೆಸರು ಹಿಡಿದು ಊರ ತುಂಬ ಕೂಗುವವರು ಯಾರೆಂದು ಅದಕ್ಕೆ ಅನಿಸಿರಬೇಕು. ಹಿಂಗಾಲು ಎತ್ತಿ ಪಾತ್ರೆಗೆ ಒದೆಯಿತು. ಭರಮು ಅದನ್ನು ಗಮನಿಸಲಿಲ್ಲ. ಅವನು ಕರುವಿನ ಹಗ್ಗ ಬಿಟ್ಟು, ಕತ್ತು ಮುಂದೆ ಚಾಚಿ, ಹಾಡಿನ ಕೊನೆಯ ನುಡಿಗಾಗಿ ಕಾಯುತ್ತಿದ್ದ.

ಈ ಕಡೆಯ ಹಾಡುಗಳಿಗೆ ಒಂದು ಪದ್ಧತಿ ಇದೆ. ಪ್ರೇಮ, ವಿರಹ, ಮುನಿಸು ಏನೇ ಇರಲಿ, ಕೊನೆಯ ನುಡಿಯಲ್ಲಿ ಊರಿನ ಹೆಸರು ಬರಬೇಕು, ಹಾಡಿದವನ ಹೆಸರು ಬರಬೇಕು, ಬರೆದವನ ಹೆಸರು ಬರಬೇಕು. ಎರಡು ತಿಂಗಳ ಹಿಂದೆ ಮೊದಲು ಬಿಟ್ಟ ತುಣುಕಿನಲ್ಲಿ ಆ ನುಡಿ ಇರಲಿಲ್ಲ. ಪೂರ್ತಿ ಹಾಡು ಹಿಂದಿನ ರಾತ್ರಿಯಷ್ಟೇ ಹೊರಬಿದ್ದಿತ್ತು. ಟ್ರ್ಯಾಕ್ಟರ್ ಮನೆಯ ಮುಂದೆ ಬರುವುದಕ್ಕೂ ಕೊನೆಯ ನುಡಿ ಬರುವುದಕ್ಕೂ ಸರಿಹೋಯಿತು.

ಅಥಣಿ ತಾಲೂಕಾ, ಸತ್ತಿ ನಮ್ಮ ಊರ,
ದಾದಾಸಾಹೇಬನ ಗಾಡಿ ನೋಡ ಜೋರ,
ಮಹಾದೇವ ಹಾಡ್ಯಾನ, ಕೇಳ್ರಿ ಎಲ್ಲಾರ!

ಮುಗಿಯಿತು. ಭರಮುವಿನ ಹೆಸರಿಲ್ಲ. ಊರಿಗೆ ಜಾಗವಿತ್ತು, ತಾಲೂಕಿಗೆ ಜಾಗವಿತ್ತು, ಟ್ರ್ಯಾಕ್ಟರಿಗೂ ಅದರ ಮಾಲೀಕನಿಗೂ ಜಾಗವಿತ್ತು. ಆ ಬೆಳಿಗ್ಗೆ ಅದೇ ದನದ ಮನೆಯಲ್ಲಿ ಎರಡು ಜೀವಗಳಿಗೆ ಹೊಟ್ಟೆಕಿಚ್ಚು ಹತ್ತಿತು. ಎಮ್ಮೆಯದು ಹಿಂಡಿ ತಿಂದ ಮೇಲೆ ಆರಿತು.

ಈಗ ಕರಾರಿನ ಸಂಗತಿ ಹೇಳಬೇಕು. ಮಹಾದೇವ ಅಂದರೆ ಭರಮುವಿನ ಕಾಕಾನ ಮಗ. ಇಬ್ಬರ ಮನೆಗೂ ನಡುವೆ ಎದೆಮಟ್ಟದ ಒಂದೇ ಗೋಡೆ. ದಸರೆಯ ಹೊತ್ತಿನಲ್ಲಿ ಅವನು ಯೂಟ್ಯೂಬಿನಲ್ಲಿ ಚಾನೆಲ್ ತೆರೆದು, ಹೊಸ ಹಾಡು ಹುಡುಕುತ್ತಿದ್ದ. ಅಂಗಡಿ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಭರಮು, "ನನ್ನ ಹಂತೇಕ ಒಂದ ಐತಿ" ಎಂದು ಎರಡು ಸಾಲು ಅಂದು ತೋರಿಸಿದ. ಮಹಾದೇವನ ಕಣ್ಣು ಅರಳಿತು. "ಏ, ಭಾರೀ ಐತಲ್ಲೋ! ನೀ ಬರದೀಯೇನ?" ಎಂದು ಕೇಳಿದ. ಇದಕ್ಕೆ ಎರಡು ಉತ್ತರಗಳಿದ್ದವು. ಒಂದು ಉದ್ದ, ಒಂದು ಗಿಡ್ಡ. ಭರಮು ಗಿಡ್ಡದನ್ನು ಆರಿಸಿಕೊಂಡ. "ಹೂಂ" ಎಂದ.

ಆ ಹೂಂ ಅನ್ನು ನೂರು ರೂಪಾಯಿಯ ಬಾಂಡಿನ ಮೇಲೆ ಟೈಪ್ ಮಾಡಿಸಿದರು. ಹಾಡು ಭರಮುವಿನ ಸ್ವಂತ ರಚನೆ, ಇದರ ಮೇಲೆ ಬೇರೆ ಯಾರ ಹಕ್ಕೂ ಇಲ್ಲ. ಚಾನೆಲಿಗೆ ಬಂದದ್ದರಲ್ಲಿ ನಾಲ್ಕನೆಯ ಒಂದು ಪಾಲು ಅವನಿಗೆ ರಾಯಲ್ಟಿ. ಕೊನೆಯ ನುಡಿಯಲ್ಲಿ ಅವನ ಹೆಸರು. ಮಗಳ ಹೆಸರಿದ್ದ ಸಾಲನ್ನು ಭರಮು ಬರೆಸಲೇ ಇಲ್ಲ. ಅದು ಬಂದರೆ ಹಾಡು ಎಲ್ಲಿಯದೆಂದು ಯಾರಾದರೂ ಕೇಳಿಯಾರು. ಪಕ್ಕದ ತಾರವ್ವ ಸಾಕ್ಷಿಯಾಗಿ ಹೆಬ್ಬೆಟ್ಟು ಒತ್ತಿದಳು. ಎಮ್ಮೆಯನ್ನು ಯಾರೂ ಕೇಳಲಿಲ್ಲ. ಕೋಮಲಳನ್ನೂ ಕೇಳಲಿಲ್ಲ. ಅವಳು ಸುದ್ದಿ ತಿಳಿದಾಗ, "ಎಮ್ಮಿ ಹಾಡಿಗೆ ಬಾಂಡ್ ಮಾಡಿಸ್ಯಾರಂತ, ನೋಡವ್ವ" ಎಂದು ಮಗಳ ಮುಂದೆ ನಕ್ಕು, ಹಿಟ್ಟು ನಾದಲು ಹೋದಳು.

ಮರುದಿನವೇ ಭರಮುವಿನ ಹಾಲಿನ ಕ್ಯಾನಿನ ಮೇಲೆ ಸ್ಟಿಕ್ಕರ್ ಬಂತು: ಜಾನಪದ ಸಾಹಿತಿ ಭರಮು, ಸತ್ತಿ. ಮೊಪೆಡ್ಡಿನ ಹಿಂದೆಯೂ ಅದೇ. ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುವವನು, "ಸಾಹಿತಿಗಳ ಹಾಲು ಯಾಕೋ ತೆಳ್ಳಗ ಐತಿ" ಅಂದರೂ ಭರಮುವಿಗೆ ಅದು ಸನ್ಮಾನದಂತೆ ಕೇಳಿಸುತ್ತಿತ್ತು.

ಅಂಥವನ ಹೆಸರೇ ಮಾಯವಾದರೆ?

ಭರಮು ಗೋಡೆಗೆ ಹೋಗಿ ನಿಂತ. ಆಚೆಗೆ ಮಹಾದೇವ ಕರಿ ಚಷ್ಮಾ ಹಾಕಿಕೊಂಡು ಹಲ್ಲು ತಿಕ್ಕುತ್ತಿದ್ದ. ಸೂರ್ಯ ಇನ್ನೂ ಹುಟ್ಟಿರಲಿಲ್ಲ.

"ಲೇ ಮಾದ್ಯಾ!"

"ಮಾದ್ಯಾ ಅನಬ್ಯಾಡೋ, ಮಂದಿ ಕೇಳ್ತಾರ. ಸಿಂಗರ್ ಮಹಾದೇವ ಅನ್ನ."

"ನನ್ನ ಹೆಸರ ಎಲ್ಲಿ ಹೋತು?"

"ತಾಳಕ್ಕ ಕೂಡಲಿಲ್ಲೋ ತಮ್ಮಾ. ಭರಮು, ಭರಮು ಅಂತ ಹತ್ತ ಸಲ ಹಾಡಿ ನೋಡಿದ್ನಿ, ಮುಗ್ಗರಿಸಿದಂಗ ಆಗ್ತಿತ್ತು. ದಾದಾಸಾಹೇಬ ಅಂದ್ರ ನೋಡ, ಬಾಯಿ ತುಂಬ್ತೈತಿ."

"ಮತ್ತ ರಾಯಲ್ಟಿ?"

"ಎರಡ ಲಕ್ಷ ಮಂದಿ ನೋಡ್ಯಾರ ಖರೆ. ನೋಡಿದವರು ನೋಡಿ ಹೋಗ್ಯಾರ. ರೊಕ್ಕ ಬರೂದ ತಡಾ ಐತಿ."

"ಹಂಗಾರ ಕೈಯಾಗ ಆ ಬೆಳ್ಳಿ ಕಡಗ?"

ಮಹಾದೇವ ಕಡಗವನ್ನು ಹಿಂದಕ್ಕೆ ಸರಿಸಿಕೊಂಡ. "ಇದಾ? ದಾದಾಸಾಹೇಬ್ರು ಪ್ರೀತಿಲೆ ಹಾಕ್ಯಾರ. ಪ್ರೀತಿಯಾಗ ನಾಲ್ಕನೇ ಪಾಲ ಇರಂಗಿಲ್ಲೋ."

ಬೆಳ್ಳಿಯ ಕಡಗಕ್ಕೆ ಅಷ್ಟು ಹೊಳಪು ಇರುತ್ತದೆಂದು ಭರಮುವಿಗೆ ಅಂದೇ ತಿಳಿದದ್ದು. ಡೇರಿಯ ಸಾಲಿನಲ್ಲಿ ನಿಂತಾಗಲೂ ಕಣ್ಣ ಮುಂದೆ ಅದೇ. ಮುಂದೆ ಹಾಲಿನ ಚರಿಗೆ ಹಿಡಿದು ನಿಂತಿದ್ದ ತಾರವ್ವ ಹೊರಳಿ ನೋಡಿದಳು.

"ಭರಮಣ್ಣ, ಹಾಡ ಪೂರ್ತಿ ಕೇಳಿದ್ನೋ. ನಿನ್ನ ಹೆಸರ ಬಂದೀತು ಬಂದೀತು ಅಂತ ಬಾಯಾಗಿನ ಎಲಿ ಅಡಿಕಿ ಸೈತ ಜಗಿಯೂದ ಬಿಟ್ಟ ಕೂತಿದ್ನಿ. ಬರಲೇ ಇಲ್ಲ!"

"ತಾಳಕ್ಕ ಕೂಡಲಿಲ್ಲಂತ."

"ಅದಿರಲಿ. ಮಾದ್ಯಾನ ಮನ್ಯಾಗ ಏನ್ ಬೆಂಕಿ ಹತ್ತೇತಿ ಗೊತ್ತೈತೇನ? ಮೊನ್ನೆ ಲಗ್ನಾಗಿ ಬಂದ ಅವನ ಹೇಂತಿ 'ಯಾರಾಕಿ ಆ ಚಂದ್ರಿ, ಕರೀ ಮೈಯಾಕಿ?' ಅಂತ ಮೂರ ದಿನದಿಂದ ಅವಗ ರೊಟ್ಟಿ ಬಡದಿಲ್ಲ. ಕೊಕಟನೂರಾಗ ಒಬ್ಬಾಕಿ ಚಂದ್ರವ್ವನ ಗಂಡ ಬಡಿಗಿ ಹಿಡಕೊಂಡ ಹುಡಕಾಕತ್ತಾನಂತ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಭರಮು ನಗಲಿಲ್ಲ. ಅವನಿಗೆ ಇನ್ನೊಂದು ಹೊಟ್ಟೆಕಿಚ್ಚು ಹೊತ್ತಿಕೊಂಡಿತ್ತು. ಹಾಡಿದವನ ಹೆಂಡತಿ ಮೂರು ದಿನ ರೊಟ್ಟಿ ಬಡಿಯಲಿಲ್ಲ. ಬರೆದವನ ಹೆಂಡತಿ ಎರಡು ಹೊತ್ತೂ ಬಡಿಯುತ್ತಿದ್ದಾಳೆ! ಮನೆಗೆ ಬಂದವನೇ ಅಡುಗೆ ಮನೆಯ ಹೊಸ್ತಿಲಲ್ಲಿ ನಿಂತ.

"ಕೋಮಲಾ, ನಿನಗ ನನ್ನ ಮ್ಯಾಲ ಸಂಶೆ ಬರೂದಿಲ್ಲೇನ?"

"ಯಾತರದ ಸಂಶೆರಿ?"

"ಚಂದ್ರಿ ಅಂತ ಹಾಡ ಬರದೀನಿ. ಊರ ಹೇಂತಿಯರೆಲ್ಲಾ ಸಂಶೆ ಪಡಾಕತ್ತಾರ. ನೀ ಒಮ್ಮೆರ ಕೇಳಿದೇನ?"

ಕೋಮಲ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಹಿಂಗೈಯಿಂದ ಹಣೆಯ ಬೆವರು ಒರೆಸಿಕೊಂಡು, ದನದ ಮನೆಯ ಕಡೆ ನೋಡಿದಳು. "ಎಮ್ಮಿ ಮ್ಯಾಲ ಸಂಶೆ ಪಡಲ್ರಿ?"

ಮಯೂರಿ ಪುಸಕ್ಕೆಂದು ನಕ್ಕಳು. "ಅಪ್ಪಾ, ಒಂದ ಮಾತ ಕೇಳ್ಲಾ?"

"ಕೇಳಬ್ಯಾಡ. ನಾ ಸ್ಟೇಷನ್ನಿಗೆ ಹೊಂಟೇನಿ."

"ನಾನೂ ಬರ್ತೀನಿ!"

ಬಾಂಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಅದನ್ನು ಟವೆಲಿನಲ್ಲಿ ಸುತ್ತಿ, ಮಗಳನ್ನು ಹಿಂದೆ ಕೂರಿಸಿಕೊಂಡು ಭರಮು ಮೊಪೆಡ್ ಹತ್ತಿದ. ದಾರಿಯಲ್ಲಿ ಎದುರಾದ ಆರು ಟ್ರ್ಯಾಕ್ಟರುಗಳಲ್ಲಿ ನಾಲ್ಕರಲ್ಲಿ ಚಂದ್ರಿ ಬಳುಕುತ್ತಿತ್ತು. ನಾಲ್ಕು ಸಲವೂ ಭರಮು ಗಾಡಿ ನಿಲ್ಲಿಸಿ ಕೊನೆಯ ನುಡಿಯ ತನಕ ಕಾದ. ಒಂದರಲ್ಲಾದರೂ ತನ್ನ ಹೆಸರು ಬಂದೀತೆಂದು ಆಸೆ.

ಸ್ಟೇಷನ್ನಿನಲ್ಲಿ ಹವಾಲ್ದಾರ ರಾಜಾರಾಮ ಇದ್ದರು. ಕಾಗವಾಡ ಕಡೆಯವರು, ಬಾಯಲ್ಲಿ ಅರ್ಧ ಮರಾಠಿ.

"ಬಸಾ, ಬಸಾ. ಕಾಯ್ ಝಾಲಂ? ಏನಾತು?"

"ಮೋಸ ಆಗೇತ್ರಿ ಸಾಹೇಬ್ರ. ರಾಯಲ್ಟಿ ಕೊಟ್ಟಿಲ್ರಿ."

"ಮರಳಿನ ರಾಯಲ್ಟೀನಾ? ಟ್ರ್ಯಾಕ್ಟರ್ ನಂಬರ್ ಹೇಳು."

"ಮರಳ ಅಲ್ರಿ, ಹಾಡಿಂದ. ಅವನ ಮ್ಯಾಲ ಫೋರ್‌ಟ್ವೆಂಟಿ ಹಾಕ್ರಿ."

ರಾಜಾರಾಮ ಪೆನ್ನಿನ ಟೋಪಿ ತೆಗೆದು, ಕನಿಕರದಿಂದ ನೋಡಿದರು. "ಫೋರ್‌ಟ್ವೆಂಟಿ ಎಲ್ಲೈತೋ ಬಾಬಾ ಈಗ? ಕಾಯ್ದೆ ಬದಲಾತು. ಈಗ ಮೋಸಕ್ಕ ಮುನ್ನೂರಾ ಹದಿನೆಂಟ."

ಭರಮು ಕಂಗಾಲಾದ. ದಾರಿಯುದ್ದಕ್ಕೂ ಗೋಡೆಯಾಚೆಗೆ ಕೇಳುವಂತೆ ಫೋರ್‌ಟ್ವೆಂಟಿ ಎಂದು ಕೂಗುವುದನ್ನು ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದ. "ಮುನ್ನೂರಾ ಹದಿನೆಂಟ ಅಂತ ಬೈದ್ರ ಯಾರಿಗಿ ತಿಳೀತೈತ್ರಿ? ಬಸ್ಸಿನ ನಂಬರ್ ಅಂತ ತಿಳಕೋತಾರ. ಹಳೇದ ಹಾಕಾಕ ಬರೂದಿಲ್ಲೇನ್ರಿ? ಬೇಕಾದ್ರ ಅರ್ಜಿ ಕೊಡ್ತೇನಿ."

"ಬರೂದಿಲ್ಲ. ಮತ್ತ ಕೇಳ ಇಲ್ಲಿ. ಬರೇ ರೊಕ್ಕ ಕೊಟ್ಟಿಲ್ಲ, ಹೆಸರ ಹಾಡಿಲ್ಲ ಅಂದ್ರ ಅದು ಕೋರ್ಟಿನ ದಿವಾಣಿ ವ್ಯವಹಾರ, ಪೊಲೀಸ್ ಕೇಸ್ ಅಲ್ಲ. ಮೋಸ ಅಂದ್ರ ಹೆಂಗಿರಬೇಕಂದ್ರ, ಕರಾರ ಮಾಡೂ ದಿವಸಾನ ಮನಸ್ನ್ಯಾಗ ಸುಳ್ಳ ಇರಬೇಕು. ಇತ್ತೇನ?"

"ಇತ್ರಿ ಸಾಹೇಬ್ರ!" ಭರಮು ಎದೆ ಮುಟ್ಟಿಕೊಂಡ. "ಖಾತ್ರಿ ಇತ್ತು. ನಾನ ಅಲ್ಲೇ ಕುಂತಿದ್ನಿ."

"ಅಪ್ಪಾ, ಒಂದ ಮಾತ..." ಎಂದಳು ಮಯೂರಿ. ಭರಮು ಅವಳ ಬಾಯಿಗೆ ಬಿಸ್ಕೀಟು ಕೊಟ್ಟ.

ಆಗಲೇ ಹವಾಲ್ದಾರರ ಕಿಸೆಯೊಳಗಿಂದ ಧಡ್ ಧಡ್ ಎಂದು ಬಡಿಯಿತು. ಬಾರ ನನ್ನ ಚಂದ್ರಿ, ಬಳಕ್ಕೋಂತ ಬಾರ. ಭರಮು ಕುರ್ಚಿ ಬಿಟ್ಟು ಎದ್ದು ನಿಂತ.

"ಅದ ರೀ! ಅದ ಕಳುವಾದ ಮಾಲ! ನಿಮ್ಮ ಕಿಸೆದಾಗ ಐತಿ!"

"ಅರೇ ಗಪ್! ನಮ್ಮ ಮಗಳ ಹಾಕ್ಯಾಳಲೇ ರಿಂಗ್‌ಟೋನ್!" ರಾಜಾರಾಮ ಫೋನಿನ ಬಾಯಿ ಮುಚ್ಚಲು ಹೋಗಿ ಸ್ಪೀಕರ್ ಒತ್ತಿದರು. ಆ ಕಡೆಯಿಂದ ಅವರ ಹೆಂಡತಿ ಕೊತ್ತಂಬರಿ ತರಲು ಹೇಳಿದ್ದು ಇಡೀ ಸ್ಟೇಷನ್ನಿಗೆ ಕೇಳಿಸಿತು.

ಅಂದು ಮಧ್ಯಾಹ್ನವೇ ಮಹಾದೇವನನ್ನು ಕರೆಸಿದರು. ಚಷ್ಮಾ ಹಣೆಗೇರಿಸಿ ಬಂದ. ಅವನಿಗೆ ಕುರ್ಚಿ ಕೊಟ್ಟರು, ಒಬ್ಬ ಕಾನ್‌ಸ್ಟೇಬಲ್ ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡ. ಅರ್ಜಿದಾರನ ಕುರ್ಚಿಯನ್ನು ಅದಕ್ಕಾಗಿ ತುಸು ಪಕ್ಕಕ್ಕೆ ಸರಿಸಬೇಕಾಯಿತು.

"ಸಾಹೇಬ್ರ," ಎಂದ ಮಹಾದೇವ, "ಇದು ಇವಂದ ಹಾಡ ಅಲ್ರಿ. ಇದು ಹಳೇ ಹಾಡ. ಗ್ವಾಡಿ ಈಚೆ ಕಡಿಂದ ನಾ ವರ್ಷಗಟ್ಲೆ ಕೇಳಾಕತ್ತೇನಿ. ಹಳೇ ಹಾಡಿಗೆ ಮಾಲಕರ ಇರಂಗಿಲ್ಲ, ರಾಯಲ್ಟೀನೂ ಇರಂಗಿಲ್ಲ. ತನ್ನ ರಚನಾ ಅಂತ ಬರಸಿ ನನಗ ಮೋಸ ಮಾಡ್ಯಾನ. ನನ್ನೂ ಒಂದ ಕಂಪ್ಲೇಂಟ್ ಬರಕೋರಿ."

"ಹಳೇ ಹಾಡಾ?" ಭರಮು ಮೇಜು ಕುಟ್ಟಿದ. "ಹಳೇ ಹಾಡಿನ್ಯಾಗ ನಮ್ಮ ಎಮ್ಮಿ ಹೆಸರ ಹೆಂಗ ಬಂತಲೇ?"

ರಾಜಾರಾಮರ ಪೆನ್ನು ನಿಂತಿತು. "ಚಂದ್ರಿ... ಎಮ್ಮೀನಾ?"

"ಹೌದ್ರಿ. ಪಂಢರಪುರಿ ಎಮ್ಮಿ. ಇಷ್ಟುದ್ದ ಕೋಡ."

ಹವಾಲ್ದಾರರು ಕಿಸೆಯ ಫೋನನ್ನು ಮುಟ್ಟಿ ನೋಡಿಕೊಂಡರು. ಎರಡು ತಿಂಗಳಿಂದ ಆ ಹಾಡು ಕೇಳುತ್ತ ಅವರು ಏನೇನು ಕಲ್ಪಿಸಿಕೊಂಡಿದ್ದರೋ, ಕೋಡು ಮಾತ್ರ ಕಲ್ಪಿಸಿಕೊಂಡಿರಲಿಲ್ಲ.

"ಸಾಕ್ಷಿ ಐತೇನ?" ಎಂದು ಕೊನೆಗೆ ಕೇಳಿದರು.

"ಎಮ್ಮೀನ ಸಾಕ್ಷಿ," ಎಂದ ಭರಮು. ಅವನ ಮುಖ ಬೆಳಗಿತು. ಇಂಥ ಬುದ್ಧಿವಂತಿಕೆ ತನ್ನಲ್ಲಿತ್ತೆಂದು ಅವನಿಗೇ ಗೊತ್ತಿರಲಿಲ್ಲ. "ಈ ಹಾಡ ಕೇಳಿದ್ರಷ್ಟ ನಮ್ಮ ಎಮ್ಮಿ ಸೊರ ಬಿಡ್ತೈತಿ, ಇಲ್ಲಾಂದ್ರ ಒಂದ ಹನಿ ಹಾಲ ಇಳಸಂಗಿಲ್ಲ. ನಾಳೆ ಸಂಜಿಕ ಬರ್ರಿ. ನಾನೂ ಹಾಡ್ತೇನಿ, ಇವನೂ ಹಾಡ್ಲಿ. ಯಾರಿಗೆ ಹಾಲ ಬರ್ತೈತಿ, ಅವಂದ ಹಾಡ!"

ಮಯೂರಿ ಬಿಸ್ಕೀಟು ನುಂಗಿ ಬಾಯಿ ತೆರೆದಳು. "ಆದ್ರ ಅಪ್ಪಾ..."

"ಮನೀಗೆ ಹೋಗಿ ಕೇಳ."

ಮರುದಿನ ಸಂಜೆ ಐದೂವರೆಗೆ ರಾಜಾರಾಮ ನೋಟ್‌ಬುಕ್ ಹಿಡಿದು ಬಂದಾಗ ಗೋಡೆಯ ಮೇಲೆ ಕೂರಲು ಜಾಗವಿರಲಿಲ್ಲ. ಓಣಿಯ ಮಂದಿಯೆಲ್ಲ ಅಲ್ಲೇ. ಮಹಾದೇವನ ಹೆಂಡತಿ ಎಲ್ಲರಿಗಿಂತ ಮುಂದೆ ನಿಂತು, ಚಂದ್ರಿಯನ್ನು ಕೋಡಿನಿಂದ ಬಾಲದ ತನಕ ಎರಡು ಸಲ ನೋಡಿ, ಸಮಾಧಾನದ ಉಸಿರು ಬಿಟ್ಟಳು. ಮಯೂರಿ ಕರುವಿನ ಹಗ್ಗ ಹಿಡಿದಿದ್ದಳು. ಕೋಮಲ ಎಲ್ಲರಿಗೂ ಚಹಾ ಕೊಟ್ಟು, ಎಮ್ಮೆಯ ಬೆನ್ನು ಸವರಿ, "ಲಗೂನ ಮುಗಸ್ರಿ, ಅದಕ್ಕ ಕೆಚ್ಚಲ ತುಂಬಿ ನೋಯತೈತಿ" ಎಂದು ಹೇಳಿ ಒಳಗೆ ಹೋದಳು. ಹವಾಲ್ದಾರರಿಗೆ ಬಿಸಿ ರೊಟ್ಟಿ ಹಾಕಬೇಕಿತ್ತು.

ಮೊದಲು ಮಹಾದೇವ. ಒಂದು ಕೈ ಕಿವಿಗೆ ಹಚ್ಚಿ, ಇನ್ನೊಂದು ಕೈ ಕಡಗ ಕಾಣುವಂತೆ ಎತ್ತಿ, ಗೋಡೆಯ ಮಂದಿಯ ಕಡೆ ಮುಖ ಮಾಡಿ ಹಾಡಿದ. ಮಂದಿ ಶಿಳ್ಳೆ ಹೊಡೆದರು. ಚಂದ್ರಿ ಬಾಲ ಎತ್ತಿ ಅವನ ಚಷ್ಮಾದ ಮೇಲೆ ಬಾರಿಸಿತು.

"ಹಾಲ ನಿರಂಕ, ಒಂದ ಹನೀನೂ ಇಲ್ಲ," ಎಂದು ರಾಜಾರಾಮ ಬರೆದುಕೊಂಡರು.

ಭರಮು ಪಾತ್ರೆ ಹಿಡಿದು ಎಮ್ಮೆಯ ತಪ್ಪು ಮಗ್ಗುಲಲ್ಲಿ ಕೂತ. "ಆ ಕಡೆ ಕುಂಡ್ರೋ!" ಎಂದು ತಾರವ್ವ ಕೂಗಿದಳು. ಸುತ್ತಿ ಬಂದು ಕೂತ. ಗಂಟಲು ಸರಿ ಮಾಡಿಕೊಂಡು ಎರಡು ಸಾಲು ಹಾಡಿದ. ಚಂದ್ರಿ ಒಂದು ಕಿವಿ ಅಲ್ಲಾಡಿಸಿ ಕಾದಿತು. ಮತ್ತೆ ಅವೇ ಎರಡು ಸಾಲು. ಚಂದ್ರಿ ಇನ್ನೂ ಕಾದಿತು. ಮೂರನೆಯ ಸಲ ಅವೇ ಸಾಲು ಬಂದಾಗ ಪಾತ್ರೆಗೆ ಒದೆಯಿತು. ಅದು ಉರುಳುತ್ತ ಹೋಗಿ ಹವಾಲ್ದಾರರ ಬೂಟಿಗೆ ಬಡಿಯಿತು.

"ಮುಂದಿನ ಸಾಲ ಹೇಳೋ ಭರಮಣ್ಣ! ಅದು ಮುಂದಿನ ಸಾಲ ಕೇಳಾಕತ್ತೇತಿ!" ಎಂದಳು ತಾರವ್ವ.

"ಮುಂದಿನ ಸಾಲ ಬಾಂಡಿನ್ಯಾಗ ಇಲ್ಲಬೇ!" ಎಂದ ಭರಮು, ಬೆವರುತ್ತ.

ರಾಜಾರಾಮ ಬೂಟು ಒರೆಸಿಕೊಂಡರು. "ಸಾಕ್ಷಿ ಇಬ್ಬರಿಗೂ ತಿರುಗಿ ಬಿದ್ದೈತಿ. ಈಗ ಹೇಳ್ರಿ, ಖರೆ ಬರದವ್ರು ಯಾರು? ನಾ ಮೊದಲ ಹೇಳೀನಿ. ಕರಾರ ಮಾಡೂ ದಿವಸ ಯಾರ ಮನಸ್ನ್ಯಾಗ ಸುಳ್ಳ ಇತ್ತೋ, ಮುನ್ನೂರಾ ಹದಿನೆಂಟ ಅವರಿಗೇನ."

ಭರಮು ಉರುಳಿದ ಪಾತ್ರೆ ಎತ್ತಿಕೊಳ್ಳಲು ಬಾಗಿದ. ಅಷ್ಟರಲ್ಲಿ ಅಡುಗೆ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಬಂತು, ಟಪ ಟಪ, ಟಪ ಟಪ. ಅದರ ಜೊತೆಗೆ, ಹೊರಗೆ ಏನು ನಡೆದಿದೆ ಎಂಬ ಖಬರಿಲ್ಲದೆ, ಕೆಲಸದ ನಡುವೆ ತನ್ನಷ್ಟಕ್ಕೆ ಗುನುಗುವ ದನಿ. ಬಳಕ್ಕೋಂತ ಬಾರ... ಸಿಟ್ಟ ಬಿಟ್ಟ ಬಾರ... ಮಯೂರಿ ಎದ್ದಾಳ, ಹಾಲ ಬೇಡ್ಯಾಳ...

ಚಂದ್ರಿ ಕತ್ತನ್ನು ಅಡುಗೆ ಮನೆಯ ಕಡೆ ಹೊರಳಿಸಿತು. ಎರಡೂ ಕಿವಿ ಸಡಿಲಾದವು. ಯಾರೂ ಮುಟ್ಟದ ಕೆಚ್ಚಲಿನಿಂದ ಒಂದು ಹನಿ ಬಿತ್ತು, ಇನ್ನೊಂದು ಬಿತ್ತು, ಆಮೇಲೆ ಒಣ ಮಣ್ಣಿನ ಮೇಲೆ ಎಳೆ ಕಡಿಯದೆ ಹಾಲು ಇಳಿಯತೊಡಗಿತು.

ಗೋಡೆಯ ಮೇಲಿನ ಮಂದಿ ಎಮ್ಮೆಯನ್ನು ನೋಡಿದರು, ಆಮೇಲೆ ಅಡುಗೆ ಮನೆಯ ಬಾಗಿಲನ್ನು ನೋಡಿದರು, ಆಮೇಲೆ ಎಲ್ಲರೂ ಒಟ್ಟಿಗೆ ಭರಮುವನ್ನು ನೋಡಿದರು. ಮಹಾದೇವ ಕಡಗವನ್ನು ಅಂಗಿಯ ತೋಳಿನೊಳಗೆ ಎಳೆದುಕೊಂಡ. ಹವಾಲ್ದಾರರ ಪೆನ್ನು ಹಾಳೆಯ ಮೇಲೆ ಕಾಯುತ್ತಿತ್ತು.

ಮಯೂರಿ ಕರುವಿನ ಹಗ್ಗ ಬಿಟ್ಟು ಅಪ್ಪನ ಅಂಗಿಯ ಚುಂಗು ಹಿಡಿದಳು. ಈ ಸಲ ಅವಳು ಕೇಳಲೇ ಎಂದು ಕೇಳಲಿಲ್ಲ.

"ಅಪ್ಪಾ, ಹಾಡ ಅವ್ವಂದಲ್ಲಾ? ಮತ್ತ ಕೊನೀ ನುಡಿಯಾಗ ಅವ್ವನ ಹೆಸರ ಯಾಕಿಲ್ಲ?"